ಕಾಸಾ ಬಾಟ್ಯೊ ಚಾವಣಿಯ ಡ್ರ್ಯಾಗನ್: ದಂತಕಥೆ ಎಷ್ಟು, ಗಾರೆಕೆಲಸ ಎಷ್ಟು?

ಹಂಚಿನಮನೆ:
ಬಾರ್ಸಿಲೋನಾದ ಕಾಸಾ ಬಾಟ್ಯೊ ಅನ್ನುವ ಮನೆಯ ಬಗ್ಗೆ ಎರಡು ಪ್ರಶ್ನೆ. ಚಾವಣಿ ಡ್ರ್ಯಾಗನ್ನಿನ ಬೆನ್ನು, ಗೋಪುರ ಸಂತ ಜಾರ್ಜ್ ಚುಚ್ಚಿದ ಈಟಿ, ಬಾಲ್ಕನಿಗಳು ಅದು ತಿಂದವರ ತಲೆಬುರುಡೆ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಇದನ್ನು ಅದರ ವಾಸ್ತುಶಿಲ್ಪಿ ಗೌಡಿಯೇ ಹೇಳಿದ್ದಾ? ಎರಡನೆಯದು, ಅಲ್ಲಿನ ಒಡೆದ ಟೈಲ್ಸ್ ಕೆಲಸವನ್ನು ತಾರಸಿಯಲ್ಲಿ ಕಟ್ಟುತ್ತಿರುವ ದುಂಡು ಬೆನ್ನಿನ ಕಟ್ಟೆಗೆ ಮಾಡಿಸಬಹುದಾ? ಬಾಗಿನ ತ್ರಿಜ್ಯ ಸುಮಾರು 300 ಮಿ.ಮೀ. ಮೇಸ್ತ್ರಿ ಚೈನಾ ಮೊಸಾಯಿಕ್ (ಒಡೆದ ಟೈಲ್ಸ್ ಹಾಸು) ಹಾಕಿದವರೇ, ಆದರೆ ಸಮತಟ್ಟು ತಾರಸಿಗೆ ಮಾತ್ರ.

ಕಲ್ಲುಕಂಬ:
ಗೌಡಿ ಹಾಗೆಂದು ಬರೆದಿಟ್ಟಿಲ್ಲ. ಈ ಓದು ನೋಡಿದವರದ್ದು. ಹಾಗಂತ ಗಾಳಿಮಾತೂ ಅಲ್ಲ. ಸಂತ ಜಾರ್ಜ್, ಅಲ್ಲಿನವರ ಬಾಯಲ್ಲಿ ಸಾಂತ್ ಜೋರ್ದಿ, ಬಾರ್ಸಿಲೋನಾ ಇರುವ ಕಟಲೋನಿಯಾ ಪ್ರಾಂತ್ಯದ ರಕ್ಷಕ ಸಂತ. ಡ್ರ್ಯಾಗನ್ ಸತ್ತದ್ದು ಮೋಂಟ್‌ಬ್ಲಾಂಕ್ ಊರಲ್ಲಿ, ಅದರ ನೆತ್ತರು ಬಿದ್ದಲ್ಲಿ ಗುಲಾಬಿ ಗಿಡ ಹುಟ್ಟಿತು ಅನ್ನುವುದು ಅಲ್ಲಿನ ಕಥೆ. ಏಪ್ರಿಲ್ 23ಕ್ಕೆ ಊರೆಲ್ಲ ಗುಲಾಬಿ ಮಾರುತ್ತಾರೆ. ಪಕ್ಕದ ಕಾಸಾ ಅಮಾಟ್ಯೆರ್ ಬಾಗಿಲಲ್ಲೇ ಜಾರ್ಜ್ ಡ್ರ್ಯಾಗನ್ ಕೊಲ್ಲುವ ಶಿಲ್ಪ ಇದೆ. ಆ ಮನೆ ವಾಸ್ತುಶಿಲ್ಪಿ ಪುಯಿಚ್ ಇ ಕಡಾಫಾಲ್ಕ್ ಮಾಡಿದ್ದು, 1900ಕ್ಕೇ ಮುಗಿದಿತ್ತು. ಗೌಡಿ ಕಾಸಾ ಬಾಟ್ಯೊ ಕೆಲಸ ಹಿಡಿದದ್ದು 1904ರಲ್ಲಿ, ಮುಗಿದದ್ದು 1906ರಲ್ಲಿ. ಅದೂ ಹೊಸ ಮನೆಯಲ್ಲ, 1877ರ ಕಟ್ಟಡದ ಮಾರ್ಪಾಡು.

ನಿಶ್ಚಿತವಾಗಿ ಹೇಳಬಹುದಾದ್ದು ಗೋಪುರದ ಮಾತು. ತುದಿಯಲ್ಲಿ ನಾಲ್ಕು ಕೈಯ ಶಿಲುಬೆ, ಕೆಳಗೆ ಚಿನ್ನದ ಬಣ್ಣದಲ್ಲಿ ಯೇಸು, ಮೇರಿ, ಜೋಸೆಫ್ ಹೆಸರಿನ ಸಂಕೇತಾಕ್ಷರ. ಅದು ಭಕ್ತಿ, ಈಟಿ ಅನ್ನುವುದು ಊಹೆ. ಅಟ್ಟದ ಕಮಾನುಗಳನ್ನೂ ಪಕ್ಕೆಲುಬು ಅಂತಾರೆ. ಅಲ್ಲಿ ಬಟ್ಟೆ ಒಗೆದು ಒಣಗಿಸುತ್ತಿದ್ದರು. ನೇತುಬಿಟ್ಟ ಸರಪಳಿಯನ್ನು ತಲೆಕೆಳಗೆ ಮಾಡಿದ ಆಕಾರದ ಕಮಾನಿನಲ್ಲಿ ಒತ್ತಡ ಮಾತ್ರ ಹರಿಯುತ್ತದೆ, ಎಳೆತ ಇರುವುದಿಲ್ಲ, ಹಾಗಾಗಿ ತೆಳ್ಳಗೆ ಕಟ್ಟಬಹುದು, ಹಳೆ ಗೋಡೆಗೆ ಭಾರ ಕಮ್ಮಿ. ಪಕ್ಕೆಲುಬಿನ ರೂಪ ಬಂದದ್ದು ಈ ಲೆಕ್ಕದಿಂದ.

ನೀರಿಳಿಜಾರು:
ಅಟ್ಟದ ಮಟ್ಟಿಗೆ ಒಪ್ಪಿದೆ. ಆದರೆ ಚಾವಣಿಯ ಹುರುಪೆಯಂಥ ಟೈಲ್ಸ್, ಅದರ ಹಸಿರು-ನೀಲಿ-ಕೆಂಪು ಹೊಯ್ದಾಟ, ನೆತ್ತಿಯುದ್ದಕ್ಕೂ ಬೆನ್ನೆಲುಬಿನಂತೆ ಕೂರಿಸಿದ ದಪ್ಪ ಸೆರಾಮಿಕ್ ತುಂಡುಗಳು, ಇವಕ್ಕೆ ರಚನೆಯ ಕಾರಣ ಯಾವುದೂ ಇಲ್ಲ. ಅಲ್ಲಿ ಪ್ರಾಣಿಯೇ ಮನಸ್ಸಲ್ಲಿತ್ತು ಅನ್ನಿಸುತ್ತದೆ. ಬುರುಡೆ ವಾದ ಮಾತ್ರ ಬಡಕಲು: ಅದೇ ಬಾಲ್ಕನಿಗಳನ್ನು ಕಾರ್ನಿವಲ್ ಮುಖವಾಡ ಅಂತಲೂ ಓದುತ್ತಾರೆ, ಆಗ ಗೋಡೆಯ ಬಣ್ಣದ ಚುಕ್ಕೆ ಎರಚಿದ ಕಾಗದದ ಚೂರಾಗುತ್ತದೆ. ಗೋಪುರ ನಡುವಲ್ಲಿಲ್ಲ, ಎಡಕ್ಕಿದೆ. ಅದರಾಚೆ ಅಮಾಟ್ಯೆರ್ ಕಡೆಗೆ ಗೌಡಿ ಮುಂಭಾಗವನ್ನು ತಗ್ಗಿಸಿ ಪುಟ್ಟ ತಾರಸಿ ಬಿಟ್ಟಿದ್ದಾನೆ, ಪಕ್ಕದ ಮನೆಯ ಎತ್ತರಕ್ಕೆ ಹೊಂದಲಿ ಅಂತ. ಈ ನೆರೆಯ ಲೆಕ್ಕವನ್ನು ಈಟಿಯ ಕಥೆ ಹೇಳುವವರು ಬಿಟ್ಟೇಬಿಡುತ್ತಾರೆ.

ಕರಣೆ:
ಎರಡನೇ ಪ್ರಶ್ನೆಗೆ ಬರೋಣ. ಮಾಡಿಸಬಹುದು, ಚೂರಿನ ಅಳತೆ ಸರಿಯಿದ್ದರೆ. ಉಬ್ಬಿದ ಮೈಮೇಲೆ ಚಪ್ಪಟೆ ಚೂರಿನ ನಡು ತಾಗುತ್ತದೆ, ಅಂಚು ಎದ್ದು ನಿಲ್ಲುತ್ತದೆ. ಎಷ್ಟು ಅಂದರೆ ಚೂರಿನ ಅಗಲದ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿ. ನಿಮ್ಮ 300ಕ್ಕೆ 100 ಮಿ.ಮೀ. ಚೂರು ಹಾಕಿದರೆ 4 ಮಿ.ಮೀ. ಮೇಲೇಳುತ್ತದೆ, ಬೆನ್ನಿಗೆ ಗೀರುವುದು ಗ್ಯಾರಂಟಿ. 40 ಹಾಕಿದರೆ 0.7, ಗ್ರೌಟ್‌ನಲ್ಲೇ (ಸಂದು ತುಂಬುವ ಗಾರೆ) ಮುಚ್ಚಿಹೋಗುತ್ತದೆ. ಬಾಗಿರುವ ದಿಕ್ಕಿಗೆ 40 ದಾಟಬೇಡಿ. ಉದ್ದುದ್ದಕ್ಕೆ ದೊಡ್ಡದಿದ್ದರೂ ನಡೆಯುತ್ತದೆ.

ಮೊದಲು 1:4 ಸಿಮೆಂಟ್ ಗಾರೆಯಲ್ಲಿ (ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಮರಳು) ಬಾಗು ತೆಗೆಯಿರಿ. ಪ್ಲೈವುಡ್‌ನಲ್ಲಿ ಬಾಗಿನ ಅಚ್ಚು ಕತ್ತರಿಸಿ ಅದನ್ನೇ ಎಳೆದರೆ ಮೈ ಸಮ ಬರುತ್ತದೆ, ಮೇಲ್ಮೈ ಒರಟಾಗಿರಲಿ. ಏಳು ದಿನ ನೀರು ಹಾಕಿ. ಟೈಲ್ಸನ್ನು ಗೋಣಿತಾಟಿನೊಳಗಿಟ್ಟು ಒಡೆಯಿರಿ, ಕಣ್ಣಿಗೆ ಕನ್ನಡಕ ಇರಲಿ. ಒಂದು ಸಲಕ್ಕೆ ಅರ್ಧ ಚದರ ಮೀಟರ್‌ಗೆ ಮಾತ್ರ ಅಂಟು ಬಳಿಯಿರಿ. ಅಂಟಿಗೆ ತೊಗಲು ಕಟ್ಟಿದ ಮೇಲೆ ಒತ್ತಿದ ಚೂರು ಆರು ತಿಂಗಳಿಗೆ ಟೊಳ್ಳು ಸದ್ದು ಮಾಡಿ ಕಳಚುತ್ತದೆ. ಸಂದು 3 ಮಿ.ಮೀ. ಬಿಡಿ, ಮಾರನೇ ದಿನ ಗ್ರೌಟ್ ತುಂಬಿ.

ಮೇಸ್ತ್ರಿಗಳು ಹೆಚ್ಚಾಗಿ ಎಡವುವುದು ಒಂದೇ ಕಡೆ: ವಿಟ್ರಿಫೈಡ್ (ಗಾಜಿನಂತೆ ಗಟ್ಟಿಯಾಗಿ ಸುಟ್ಟ) ಟೈಲ್ಸ್ ಚೂರನ್ನು ಬರೀ ಸಿಮೆಂಟ್ ಹಾಲಲ್ಲಿ ಕೂರಿಸುವುದು. ಅದು ನೀರೇ ಹೀರದು, ಹಾಗಾಗಿ ಕಚ್ಚುವುದಿಲ್ಲ. ಅದಕ್ಕೆ ಪಾಲಿಮರ್ ಬೆರೆತ ಟೈಲ್ ಅಂಟೇ ಬೇಕು.

ಹಂಚಿನಮನೆ:
ಧನ್ಯವಾದ ಸರ್. ಮುಂಭಾಗದಲ್ಲಿರುವ ಹಾಗೆ ಗಾಜಿನ ಚೂರೂ ಸೇರಿಸಬಹುದಾ?

ಕರಣೆ:
ಸೇರಿಸಿ, ಆದರೆ ಬಿಳಿ ಅಂಟು ತರಿಸಿ. ಬೂದು ಅಂಟು ಹಿಂದಿನಿಂದ ಕಂಡು ಬಣ್ಣ ಮಂಕಾಗುತ್ತದೆ. ಒರಗುವ ಜಾಗಕ್ಕೆ ಮಾತ್ರ ಗಾಜು ಬೇಡ. ಬದಿಗೆ ಹಾಕಿ, ಅಂಚನ್ನು ಎಣ್ಣೆಕಲ್ಲಿಗೆ ಉಜ್ಜಿ.