ಸಹಾಯ ಬೇಕು: ಹಬ್ಬವಿಲ್ಲದ ದಿನದ ಸಂಭ್ರಮ ಹೇಳುವ ಚಿತ್ರಪುಸ್ತಕಗಳು

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಪ್ರತಿ ಶನಿವಾರ ಐದರಿಂದ ಎಂಟು ವರ್ಷದ ಮಕ್ಕಳಿಗೆ ಕಥೆ ಓದಿ ಹೇಳುತ್ತೇನೆ. ಕಳೆದ ವಾರ ಇಬ್ಬರು ಹುಡುಗಿಯರು ಮೆಟ್ಟಿಲ ಮೇಲೆ ಕುಳಿತು ಒಂದೇ ನೆಲ್ಲಿಕಾಯಿಯನ್ನು ಉಪ್ಪಿಗೆ ಅದ್ದಿ ಸರದಿಯಂತೆ ಕಚ್ಚುತ್ತಿದ್ದರು. ಏನು ವಿಶೇಷ ಎಂದು ಕೇಳಿದೆ. "ಇವತ್ತು ನೆಲ್ಲಿಕಾಯಿ ಹಬ್ಬ ಅಕ್ಕಾ, ಇವಳಿಗೆ ಜ್ವರ ಬಿಟ್ಟಿದೆ" ಎಂದಳು ಒಬ್ಬಳು. ಆ ಮಾತು ಇನ್ನೂ ಕಿವಿಯಲ್ಲೇ ಇದೆ.

ಇಂಥದ್ದನ್ನೇ ಹೇಳುವ ಕನ್ನಡದ ಚಿತ್ರಪುಸ್ತಕಗಳು ಬೇಕು. ಹುಟ್ಟುಹಬ್ಬ, ದೀಪಾವಳಿಯ ಕಥೆಗಳು ಕಪಾಟಿನಲ್ಲಿ ಸಾಕಷ್ಟಿವೆ. ಮಳೆ ನಿಂತಿತೆಂದು, ಹಲ್ಲು ಬಿತ್ತೆಂದು, ಗೆಳತಿ ಮರಳಿ ಬಂದಳೆಂದು ಕುಣಿಯುವ ಕಥೆಗಳಿಲ್ಲ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳನ್ನು ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಿ ಉಚಿತವಾಗಿ ಇಟ್ಟಿದ್ದಾರೆ, ಇಳಿಸಿಕೊಂಡು ಮುದ್ರಿಸಲೂಬಹುದು. ಆದರೆ ಅಲ್ಲಿನ ರಾಶಿಯಲ್ಲಿ ನನಗೆ ಬೇಕಾದದ್ದನ್ನು ಆರಿಸುವುದೇ ಕಷ್ಟವಾಗಿದೆ.

ನೀವು ನಿಮ್ಮ ಮಕ್ಕಳಿಗೆ ಓದಿ ಹೇಳಿದ, ಅವರು ಮತ್ತೆ ಮತ್ತೆ ಕೇಳಿದ ಪುಸ್ತಕಗಳ ಹೆಸರು ತಿಳಿಸಿ. ಪುಟಕ್ಕೆ ಎರಡು ಮೂರು ಸಾಲು, ದೊಡ್ಡ ಚಿತ್ರ ಇರಲಿ. ಕೊನೆಯಲ್ಲಿ ನೀತಿ ಬೋಧಿಸುವಂಥವು ದಯವಿಟ್ಟು ಬೇಡ. ಹಳೆಯ ಪ್ರತಿಗಳಿದ್ದರೆ ಅಂಚೆ ವೆಚ್ಚ ಕೊಟ್ಟು ತರಿಸಿಕೊಳ್ಳುತ್ತೇನೆ.