ಬಿಸು ಕಣಿಗೆಂದು ಬೆಳೆಸಿದ ಸೌತೆಯ ಮಿಡಿಗಳು ಹಳದಿಯಾಗಿ ಉದುರುತ್ತಿವೆ, ಏನು ಮಾಡಬಹುದು?

ಪ್ರಶ್ನೆ (ಪೆರ್ಲ)

ಎಲ್ಲರಿಗೂ ನಮಸ್ಕಾರ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಬಂದು ತುಂಬುವ ಟಾಂಕಿಯ ಕೆಳಗಿನ ಜಾಗದಲ್ಲಿ ಈ ಸಲ ಸೌತೆ, ಅಲಸಂಡೆ, ಹರಿವೆ ಹಾಕಿದ್ದೇನೆ. ಏಪ್ರಿಲ್ ನಡುವಿನ ಬಿಸು ಹಬ್ಬದ ಬೆಳಿಗ್ಗೆ ಎದ್ದೊಡನೆ ನೋಡುವ ಕಣಿಗೆ ಮನೆಯಲ್ಲೇ ಬೆಳೆದ, ಹಣ್ಣಾಗಿ ಬಂಗಾರದ ಬಣ್ಣಕ್ಕೆ ತಿರುಗಿದ ಸೌತೆಯನ್ನು ಇಡಬೇಕೆಂಬುದು ಅತ್ತೆಯವರ ಆಸೆ, ನನ್ನದೂ ಅದೇ.

ಇಂದು ಬೆಳಿಗ್ಗೆ ನೀರು ಬಿಡಲು ಹೋದಾಗ ಬಸಳೆ ಚಪ್ಪರದ ತುಂಬ ಚಿಗುರು ಕಂಡು ಸಂತೋಷವಾಯಿತು. ಆದರೆ ಪಕ್ಕದ ಸಾಲಿನಲ್ಲಿ ನವಿಲುಗಳು ಹರಿವೆ ಸಸಿಗಳನ್ನು ಕುಕ್ಕಿ ಹಾಕಿದ್ದವು, ಅಲಸಂಡೆಯ ಎಳೆಯ ಕೋಡುಗಳಿಗೆ ಕಪ್ಪು ಹೇನು ಮುತ್ತಿತ್ತು. ಎಲ್ಲಕ್ಕಿಂತ ಬೇಸರದ ಸಂಗತಿಯೆಂದರೆ, ಸೌತೆಬಳ್ಳಿ ಧಾರಾಳ ಹೂ ಬಿಟ್ಟಿದ್ದರೂ ಮಿಡಿಗಳು ಹೆಬ್ಬೆರಳಿನ ಗಾತ್ರಕ್ಕೆ ಬರುವಷ್ಟರಲ್ಲಿ ಹಳದಿಯಾಗಿ ಉದುರುತ್ತಿವೆ. ಅಂಗಡಿಯವರು ಒಂದು ಕೀಟನಾಶಕವನ್ನು ಸೂಚಿಸಿದರು. 2000ದವರೆಗೂ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಸಿಕೊಂಡ ಕಾಸರಗೋಡಿನ ಎಣ್ಮಕಜೆ ಪಂಚಾಯತಿನವರು ನಾವು; ತಿನ್ನುವ ಕಾಯಿಗೆ ವಿಷ ಹೊಡೆಯಲು ನನಗೆ ಮನಸ್ಸಿಲ್ಲ. ಬೇರೆ ದಾರಿ ತಿಳಿದವರು ದಯವಿಟ್ಟು ಹೇಳಿ.

ಉತ್ತರ (ನೀರ್ಚಾಲು)

ಅಕ್ಕ, ಏನನ್ನೂ ಸಿಂಪಡಿಸುವ ಮೊದಲು ಉದುರಿದ ನಾಲ್ಕಾರು ಮಿಡಿಗಳನ್ನು ಸೀಳಿ ನೋಡಿ. ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂತಹ ಗುರುತು, ಅದರ ಬಾಯಲ್ಲಿ ಒಣಗಿದ ಅಂಟಿನ ಹನಿ, ಒಳಗೆ ಬಿಳಿಯ ಹುಳ ಇದ್ದರೆ ಅದು ಹಣ್ಣುನೊಣದ ಕೆಲಸ. ಅಂತಹ ಕಾಯಿ ಹಲವು ಬಾರಿ ಸೊಟ್ಟಗಾಗಿರುತ್ತದೆ. ಗಾಯವೂ ಹುಳವೂ ಇಲ್ಲದೆ, ಹೂವಿನ ತುದಿಯಿಂದ ಹಳದಿಯಾಗಿ ಮುರುಟಿದ್ದರೆ ಹೆಚ್ಚಾಗಿ ಪರಾಗಸ್ಪರ್ಶ ಆಗಿಲ್ಲವೆಂದು ತಿಳಿಯಬೇಕು.

ಎರಡನೆಯದಾದರೆ ಪರಿಹಾರ ನಿಮ್ಮ ಕೈಯಲ್ಲೇ ಇದೆ. ಬೆಳಿಗ್ಗೆ ಹೂ ಅರಳಿದ ಹೊತ್ತಿಗೆ, ಬಿಸಿಲು ಏರುವ ಮೊದಲು, ಗಂಡು ಹೂವನ್ನು ಕಿತ್ತು ಎಸಳುಗಳನ್ನು ಬಿಡಿಸಿ, ಅದರ ಪರಾಗವನ್ನು ಬುಡದಲ್ಲಿ ಪುಟ್ಟ ಮಿಡಿ ಇರುವ ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಮುಜಂಟಿ ಜೇನಿನ (ಚುಚ್ಚದ ಪುಟ್ಟ ಜೇನು) ಪೆಟ್ಟಿಗೆ ಇರುವ ಮನೆ ಹತ್ತಿರದಲ್ಲಿದ್ದರೆ ಇಷ್ಟು ಶ್ರಮವೂ ಬೇಕಾಗಲಿಕ್ಕಿಲ್ಲ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲವಾದ್ದರಿಂದ ಬುಡಕ್ಕೆ ತರಗೆಲೆ ಹೊದೆಸಿ. ತೇವ ಏರುಪೇರಾದರೂ ಮಿಡಿ ಉದುರುತ್ತದೆ.

ಉತ್ತರ (ಬಾಯಾರು)

ಮೇಲಿನವರು ಹೇಳಿದ್ದು ಸರಿ. ನೊಣದ ಕುರಿತು ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಅನೇಕರು ತುಳಸಿ ಎಲೆ ಜಜ್ಜಿ ತೆಂಗಿನ ಚಿಪ್ಪಿನಲ್ಲಿಟ್ಟು ನೊಣ ಬೀಳಲೆಂದು ಕಾಯುತ್ತಾರೆ. ತುಳಸಿಯಲ್ಲಿರುವ ಮೀಥೈಲ್ ಯೂಜಿನಾಲ್ ಎಂಬ ಪರಿಮಳದ ಅಂಶ ಮಾವಿನ ಹಣ್ಣುನೊಣವನ್ನು ಸೆಳೆಯುತ್ತದೆ. ಸೌತೆ, ಹಾಗಲ, ಪಡುವಲಕ್ಕೆ ಬರುವ ನೊಣ ಬೇರೆ ಜಾತಿಯದು, ಅದಕ್ಕೆ ಬೇಕಾದದ್ದು ಕ್ಯೂಲ್ಯೂರ್ ಎಂಬ ಸೆಳೆಯುವ ಮದ್ದು ಇರುವ ಬಲೆ. ಕೃಷಿ ಇಲಾಖೆಯ ಸ್ಥಳೀಯ ಕಚೇರಿಯಾದ ಕೃಷಿ ಭವನದಲ್ಲಿ ವಿಚಾರಿಸಿ. ಆ ಬಲೆಗೂ ಗಂಡು ನೊಣ ಮಾತ್ರ ಬೀಳುವುದರಿಂದ ಅದೊಂದನ್ನೇ ನಂಬಬಾರದು. ಹುಳ ಬಿದ್ದ ಕಾಯಿಯನ್ನು ಬಳ್ಳಿಯ ಬುಡದಲ್ಲಿ ಬಿಟ್ಟರೆ ಹುಳ ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಏಳುತ್ತದೆ. ಆದ್ದರಿಂದ ದಿನವೂ ಹೆಕ್ಕಿ, ಬಕೆಟಿನ ನೀರಿನಲ್ಲಿ ಮುಳುಗಿಸಿಡಿ ಅಥವಾ ಆಳವಾಗಿ ಹೂಳಿ. ಕಣಿಗೆ ಬೇಕಾದ ಎರಡು ಮೂರು ಕಾಯಿಗಳನ್ನು, ಪರಾಗ ತಾಗಿ ಕಾಯಿ ಕಟ್ಟಿದ ಕೂಡಲೇ, ಕಾಗದದ ಚೀಲದಿಂದ ಮುಚ್ಚಿಬಿಡುವುದು ಎಲ್ಲಕ್ಕಿಂತ ಖಚಿತ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಸಂಜೆ ಸೀಳಿ ನೋಡಿದೆ. ಹೆಚ್ಚಿನವುಗಳಲ್ಲಿ ಹುಳವಿಲ್ಲ, ತುದಿ ಮಾತ್ರ ಮುರುಟಿದೆ. ಒಂದೆರಡರಲ್ಲಿ ಹುಳ ಕಂಡಿತು, ಅವನ್ನು ನೀರಿಗೆ ಹಾಕಿದ್ದೇನೆ. ಬೆಳಿಗ್ಗೆ ಹೂವಿನ ಕೆಲಸ ಆರಂಭಿಸುತ್ತೇನೆ. ಹೇನು ಮತ್ತು ನವಿಲಿಗೆ ಏನು ಮಾಡಲಿ?

ಉತ್ತರ (ಕುಂಬಳೆ)

ಹೇನಿಗೆ ಬೇವಿನೆಣ್ಣೆ ಮತ್ತು ಬೆಳ್ಳುಳ್ಳಿ ಸಾಕು. ಒಂದು ಲೀಟರ್ ನೀರಿಗೆ 20 ಮಿಲಿಲೀಟರ್ ಬೇವಿನೆಣ್ಣೆ, 20 ಗ್ರಾಂ ಅರೆದ ಬೆಳ್ಳುಳ್ಳಿಯ ರಸ, ಬಿಸಿನೀರಿನಲ್ಲಿ ಕರಗಿಸಿದ 5 ಗ್ರಾಂ ಬಾರ್ ಸೋಪು ಸೇರಿಸಿ, ಚೆನ್ನಾಗಿ ಕಲಕಿ, ಸೋಸಿ, ಜೇನು ಮರಳಿದ ಮೇಲೆ ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೂ ತಾಗುವಂತೆ ಸಿಂಪಡಿಸಿ.

ನವಿಲಿಗೆ ನೋವಾಗುವಂತಹ ಏನನ್ನೂ ಮಾಡಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧ. ಕಡಲ ಬದಿಯವರಲ್ಲಿ ಕೇಳಿದರೆ ಹಳೆಯ ಮೀನಿನ ಬಲೆ ಸಿಗುತ್ತದೆ. ಸಸಿಗಳ ಮೇಲೆ ಕೋಲು ನೆಟ್ಟು, ಹಕ್ಕಿಯ ಕಾಲು ಸಿಕ್ಕಿಕೊಳ್ಳದಂತೆ ಬಿಗಿಯಾಗಿ ಎಳೆದು ಕಟ್ಟಿ. ಹರಿವೆ ಒಂದು ಗೇಣು ಎತ್ತರವಾದ ಮೇಲೆ ಬಲೆ ತೆಗೆಯಬಹುದು.