ಅಮ್ಮನಿಗೆ ಶುಗರ್, ಈಗ ಮರೆವೂ ಜಾಸ್ತಿ: ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಅಮ್ಮನಿಗೆ 72. ಶುಗರ್ ಬಂದು ತುಂಬಾ ವರ್ಷ ಆಯಿತು. ಈಚೆಗೆ ಕೇಳಿದ್ದನ್ನೇ ಕೇಳುತ್ತಾರೆ, ಹಾಲು ಒಲೆ ಮೇಲಿಟ್ಟು ಮರೆಯುತ್ತಾರೆ, ಮಾತ್ರೆ ತಗೊಂಡೆನೋ ಇಲ್ಲವೋ ಅಂತ ಅನುಮಾನ ಬೇರೆ. ಇದು ವಯಸ್ಸಿನ ಮರೆವೋ, ಶುಗರ್‌ನಿಂದಲೋ? ಅನುಭವ ಇದ್ದವರು ಹೇಳಿ.

ಉತ್ತರ 1

ಎರಡೂ ಇರಬಹುದು ಮೇಡಂ. ಬಹಳ ವರ್ಷ ಶುಗರ್ ಇದ್ದರೆ ಕಣ್ಣು, ಕಿಡ್ನಿಗೆ ಆಗುವ ಹಾಗೇ ಮಿದುಳಿನ ಸಣ್ಣ ರಕ್ತನಾಳಗಳಿಗೂ ಪೆಟ್ಟು ಬೀಳುತ್ತದೆ. ಆದರೆ ನಮ್ಮ ಮಾವನವರನ್ನು ಕಾಡಿದ್ದು ಏರಿದ ಶುಗರ್ ಅಲ್ಲ, ಇಳಿದ ಶುಗರ್. ಬೆಳಿಗ್ಗೆ ಎದ್ದ ಕೂಡಲೇ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗುವವರು, ಪೂಜೆ ಮುಗಿಯುವ ತನಕ ತಿಂಡಿ ಮುಟ್ಟುತ್ತಿರಲಿಲ್ಲ, ಏಕಾದಶಿ ದಿನವಂತೂ ಕೇಳಲೇಬೇಡಿ. ಸ್ವಲ್ಪ ಹೊತ್ತಿಗೆ ಮಾತು ತಡವರಿಸುವುದು, ಕೇಳಿದ್ದಕ್ಕೆ ಏನೋ ಉತ್ತರ, ಸುಮ್ನೆ ಸಿಡಿಮಿಡಿ. ಬೆವರು, ನಡುಕ ಏನೂ ಇಲ್ಲ. ವಯಸ್ಸಾದವರಲ್ಲಿ ಲೋ ಶುಗರ್ ಹೀಗೆ ಬರೀ ಗೊಂದಲದ ರೂಪದಲ್ಲೂ ಬರುತ್ತದೆ, ಬಿಪಿಗೆ ಅಟೆನೊಲಾಲ್ ತರಹದ ಮಾತ್ರೆ ಇದ್ದರೆ ನಡುಕ, ಎದೆಬಡಿತ ಇನ್ನೂ ಗೊತ್ತಾಗುವುದಿಲ್ಲ.

ಅದಕ್ಕೇ ಗೊಂದಲ ಕಂಡಾಗಲೇ ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ 15 ಗ್ರಾಂನಷ್ಟು, ಅಂದರೆ ಮೂರು ಚಿಕ್ಕ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ನೇರ ಆಸ್ಪತ್ರೆಗೆ ಹೋಗಿ. ನಾವು ಬರೆದಿಟ್ಟ ಅಂಕಿ ನೋಡಿ ಡಾಕ್ಟರ್ ಮಾತ್ರೆ ಬದಲಾಯಿಸಿದರು. ಬೆಳಗಿನ ಗೊಂದಲ ಹೋಯಿತು. ಮರೆವು ಪೂರ್ತಿ ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ಉತ್ತರ 2

ಬಿ12 ವಿಟಮಿನ್ ನೋಡಿಸಿದಿರಾ? ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ವರ್ಷಗಟ್ಟಲೆ ತಗೊಂಡರೆ ಬಿ12 ಇಳಿಯುತ್ತದೆ, ಸಸ್ಯಾಹಾರಿಗಳಲ್ಲಿ ಮೊದಲೇ ಕಡಿಮೆ. ನಮ್ಮ ದೊಡ್ಡಮ್ಮನಿಗೆ ಮರೆವಿನ ಜತೆ ಪಾದ ಜೋಮು ಹಿಡಿಯುತ್ತಿತ್ತು, ಎಲ್ಲರೂ ಶುಗರ್‌ದೇ ಅಂದುಕೊಂಡಿದ್ದರು. ಇಂಜೆಕ್ಷನ್ ಶುರುವಾದ ಮೇಲೆ ಎಷ್ಟೋ ವಾಸಿ. ಥೈರಾಯ್ಡ್ ಕೂಡ ಒಟ್ಟಿಗೇ ನೋಡಿಸಿ.

ಉತ್ತರ 3

ಶುಗರ್ ಬಿಗಿಯಾಗಿ ಇಳಿಸಿದಷ್ಟೂ ನೆನಪಿಗೆ ಒಳ್ಳೆಯದು ಅಂತ ನಂಬಿ ಮನೆಯವರೇ ಹಟ ಹಿಡಿಯುತ್ತಾರೆ. ಅಮೆರಿಕದ ಅಕಾರ್ಡ್ ಅಧ್ಯಯನದಲ್ಲಿ ಇದನ್ನೇ ಪರೀಕ್ಷಿಸಿದರು. 2011ರಲ್ಲಿ ಬಂದ ಫಲಿತಾಂಶದಲ್ಲಿ ಬಿಗಿ ಹಿಡಿತದವರ ನೆನಪಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಮರೆವು ಇರುವ ಹಿರಿಯರಿಗೆ ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ HbA1c ಪರೀಕ್ಷೆಯ ಅಂಕಿ 7ರ ಬದಲು 8ರ ಒಳಗಿದ್ದರೆ ಸಾಕು ಅಂತ ಎಷ್ಟೋ ಡಾಕ್ಟರ್‌ಗಳು ಹೇಳುತ್ತಾರೆ, ನಿಮ್ಮವರನ್ನು ಕೇಳಿ.

ಮಾತ್ರೆ ಅವರ ಕೈಗೆ ಬಿಡಬೇಡಿ. ವಾರದ ಡಬ್ಬಿ ತಂದು ನೀವೇ ತುಂಬಿ, ಇಲ್ಲದಿದ್ದರೆ ಮರೆತು ಎರಡು ಸಲ ನುಂಗುತ್ತಾರೆ. ನೆನಪಿನ ಪರೀಕ್ಷೆ ಕನ್ನಡದಲ್ಲೇ ಮಾಡುತ್ತಾರೆ. ಬೆಂಗಳೂರಿನಲ್ಲಿದ್ದರೆ ನಿಮ್ಹಾನ್ಸ್ ಇದೆಯಲ್ಲ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನ ಚೀಟಿ ತೆಗೆದು ನೋಡಿದೆ, ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಎರಡೂ ಸೇರಿದ ಮಾತ್ರೆ! ಡಾಕ್ಟರ್ ಸಿಗುವ ತನಕ ನಿಲ್ಲಿಸಿಬಿಡಲಾ?

ಉತ್ತರ 1

ನೀವಾಗಿ ನಿಲ್ಲಿಸಬೇಡಿ, ಇವತ್ತೇ ಫೋನ್ ಮಾಡಿ ಕೇಳಿ. ತಿಂಡಿ ತಟ್ಟೆಗೆ ಬಂದ ಮೇಲೇ ಮಾತ್ರೆ ಕೊಡಿ. ಉಪವಾಸದ ದಿನ ಏನು ಮಾಡಬೇಕು ಅಂತಲೂ ಮರೆಯದೆ ಕೇಳಿ, ಅದನ್ನು ಯಾರೂ ಅವರಾಗಿ ಹೇಳುವುದಿಲ್ಲ.